ಝಕಾತ್ ಕೇಳಲೋ, ಬಡ್ಡಿಯಿಲ್ಲದ ಸಾಲ ತೆಗೆದುಕೊಳ್ಳಲೋ? ಒಬ್ಬಳೇ ಮಕ್ಕಳನ್ನು ಸಾಕುತ್ತಾ ಹೊಲಿಗೆ ನಡೆಸುತ್ತಿದ್ದೇನೆ

ಸೂಜಿದಾರ

ಎಲ್ಲರಿಗೂ ಸಲಾಂ, ನಮಸ್ಕಾರ.

ನಾನು ಎರಡು ಮಕ್ಕಳ ತಾಯಿ. ತಲಾಕ್ ಆಗಿ ಮೂರು ವರ್ಷ ಆಯಿತು. ಮಕ್ಕಳ ಖರ್ಚು ಅಂತ ಅವರ ತಂದೆ ಮೊದಲ ಐದಾರು ತಿಂಗಳು ಕೊಟ್ಟರು. ಆಮೇಲೆ ನಿಂತುಹೋಯಿತು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಒಂದು ಯಂತ್ರ ಇದೆ. ಈಗ ಶಾಲೆ ಯೂನಿಫಾರಂ ಹೊಲಿಯುವ ದೊಡ್ಡ ಆರ್ಡರ್ ಸಿಗುವ ಹಾಗಿದೆ. ಅದಕ್ಕೆ ಓವರ್‌ಲಾಕ್ ಯಂತ್ರ ಬೇಕು. ಬಟ್ಟೆ ತರಲು ಕೈಯಲ್ಲಿ ದುಡ್ಡೂ ಬೇಕು.

ಒಂದು ಸಮಿತಿಯವರು ಕರ್ಜೆ ಹಸನ್ ಕೊಡುತ್ತೇವೆ ಅಂದಿದ್ದಾರೆ. ಬಡ್ಡಿ ಇಲ್ಲ. ಹತ್ತು ತಿಂಗಳ ಕಂತು. ಮೊದಲ ಕಂತು ಮುಂದಿನ ತಿಂಗಳೇ ಕಟ್ಟಬೇಕು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಯಾಕೆ ಅಂದರೆ, ಎರಡು ವರ್ಷದ ಹಿಂದೆ ಸಂಬಂಧಿಕರ ಹತ್ತಿರ ಬಟ್ಟೆಗೆ ಅಂತಲೇ ಸಾಲ ಮಾಡಿದ್ದೆ. ಅದೇ ವಾರ ಮಗಳಿಗೆ ಹುಷಾರು ತಪ್ಪಿತು. ಬಟ್ಟೆಯ ದುಡ್ಡು ಆಸ್ಪತ್ರೆಗೆ ಹೋಯಿತು. ಬಟ್ಟೆ ಇಲ್ಲ ಅಂದರೆ ಕೆಲಸ ಇಲ್ಲ, ಕೆಲಸ ಇಲ್ಲ ಅಂದರೆ ಸಾಲ ತೀರಿಸುವುದು ಹೇಗೆ? ಅದನ್ನು ಮುಗಿಸಲು ಒಂದೂವರೆ ವರ್ಷ ಹಿಡಿಯಿತು.

ನನ್ನ ಪ್ರಶ್ನೆ ಎರಡು. ನನಗೆ ಸಾಲ ಸರಿಯೋ, ಇದ್ದವರು ಕಡ್ಡಾಯವಾಗಿ ಕೊಡುವ ದಾನವಾದ ಝಕಾತ್ ಸರಿಯೋ? ಯಂತ್ರ ಇದೆ, ತಾಯಿ ಕೊಟ್ಟ ಒಂದು ಸಣ್ಣ ಸರ ಇದೆ. ಇಷ್ಟಿದ್ದವಳು ಝಕಾತ್ ಕೇಳಬಾರದು ಅಂತ ಒಬ್ಬರು ಹೇಳಿದರು. ನಿಜವಾ?

ಲೆಕ್ಕದ ಪುಸ್ತಕ

ಅಕ್ಕ, ಮೊದಲು ಎರಡನೇ ಪ್ರಶ್ನೆ. ಹಲವು ವರ್ಷಗಳಿಂದ ಒಂದು ಸಮಿತಿಯ ಲೆಕ್ಕ ನೋಡುತ್ತಿದ್ದೇನೆ. ಈ ಮಾತು ಹೇಳಿ ಎಷ್ಟೋ ಹೆಣ್ಣುಮಕ್ಕಳನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದನ್ನು ಕಂಡಿದ್ದೇನೆ. ಬೇಜಾರಾಗುತ್ತದೆ.

ನಿಮ್ಮ ಹೊಲಿಗೆ ಯಂತ್ರ ಲೆಕ್ಕಕ್ಕೇ ಬರುವುದಿಲ್ಲ. ದುಡಿಯುವ ಸಾಧನ, ಇರುವ ಮನೆ, ಹಾಕಿಕೊಳ್ಳುವ ಬಟ್ಟೆ, ಮನೆಯ ಪಾತ್ರೆ ಪಗಡೆ ಇವು ಯಾವುವೂ ನಿಮ್ಮನ್ನು ಶ್ರೀಮಂತೆ ಮಾಡುವುದಿಲ್ಲ.

ಸರದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಸಾಬ್ ಅಂದರೆ ಝಕಾತ್ ಲೆಕ್ಕದಲ್ಲಿ ಆಸ್ತಿಯ ಗೆರೆ, ಚಿನ್ನದಲ್ಲಿ ಸುಮಾರು 85 ಗ್ರಾಂ, ಬೆಳ್ಳಿಯಲ್ಲಿ ಸುಮಾರು 595 ಗ್ರಾಂ. ಹನಫಿ ಮದ್‌ಹಬ್‌ನಲ್ಲಿ (ಮದ್‌ಹಬ್ ಅಂದರೆ ಧರ್ಮಶಾಸ್ತ್ರದ ಪಂಥ) ಅಗತ್ಯಕ್ಕಿಂತ ಹೆಚ್ಚಿಗೆ ನಿಸಾಬ್‌ನಷ್ಟು ಆಸ್ತಿ ಇದ್ದವರು ಝಕಾತ್ ಪಡೆಯುವಂತಿಲ್ಲ. ಚಿನ್ನ, ಕೈದುಡ್ಡು ಎರಡೂ ಇದ್ದರೆ ಕೂಡಿಸಿ ಬೆಳ್ಳಿಯ ಬೆಲೆಗೆ ಹೋಲಿಸುತ್ತಾರೆ. ಈಗ ಬೆಳ್ಳಿ ಚಿನ್ನಕ್ಕಿಂತ ತುಂಬಾ ಅಗ್ಗ. ಹಾಗಾಗಿ ಸಣ್ಣ ಸರವೂ ಆ ಗೆರೆ ದಾಟಿಬಿಡಬಹುದು. ಆದರೆ ನಿಮ್ಮ ಮೇಲಿರುವ ಸಾಲವನ್ನು ಮೊದಲು ಕಳೆಯಬೇಕು. ಎಷ್ಟೋ ಜನ ಕಳೆಯುವುದೇ ಇಲ್ಲ.

ಶಾಫಿ, ಮಾಲಿಕಿ, ಹಂಬಲಿ ಮದ್‌ಹಬ್‌ಗಳಲ್ಲಿ ನೋಡುವ ರೀತಿಯೇ ಬೇರೆ. ಅಲ್ಲಿ ಕೇಳುವುದು ಒಂದೇ: ನಿನ್ನ ದುಡಿಮೆ ನಿನಗೆ, ನಿನ್ನ ಮಕ್ಕಳಿಗೆ ಸಾಲುತ್ತದಾ? ಸಾಲದಿದ್ದರೆ ನೀನು ಹಕ್ಕುದಾರಳು. ಹೆಂಗಸರು ಸಾಮಾನ್ಯವಾಗಿ ಹಾಕಿಕೊಳ್ಳುವ ಒಡವೆ ಅದಕ್ಕೆ ಅಡ್ಡಿಯಲ್ಲ.

ಆದ್ದರಿಂದ ನೀವು ನಂಬುವ ಆಲಿಮ್ (ಧಾರ್ಮಿಕ ವಿದ್ವಾಂಸ) ಒಬ್ಬರ ಹತ್ತಿರ ಹೋಗಿ. ಸರದ ತೂಕ, ಕೈಯಲ್ಲಿರುವ ಹಣ, ಇರುವ ಸಾಲ, ತಿಂಗಳ ಖರ್ಚು ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ನನ್ನ ಹತ್ತಿರ ಸ್ವಲ್ಪ ಚಿನ್ನ ಇದೆ" ಅಂತ ಬಾಯಿಮಾತಲ್ಲಿ ಹೇಳಿದರೆ ಉತ್ತರವೂ ಅಂದಾಜಿನದೇ ಬರುತ್ತದೆ.

ಇನ್ನೊಂದು. ಮಕ್ಕಳ ಖರ್ಚು ತಂದೆಯ ಹೊಣೆ. ತಲಾಕ್ ಆದ ಮೇಲೂ ಅವನದೇ. ಆದರೆ ಅವನು ಕೊಡುತ್ತಿಲ್ಲ ಅಂದಮೇಲೆ, ಬರದೇ ಇರುವ ಹಣವನ್ನು ನಿಮ್ಮ ಆದಾಯ ಅಂತ ಯಾರೂ ಲೆಕ್ಕ ಹಾಕಬಾರದು.

ಹಳೇ ಓದುಗ

ಮೇಲಿನವರು ಹೇಳಿದ್ದು ಸರಿ. ನಾನು ಮೊದಲನೇ ಪ್ರಶ್ನೆಗೆ ಬರುತ್ತೇನೆ. ತಂಗಿ, ನಿನ್ನ ಬಟ್ಟೆಯ ದುಡ್ಡು ಆಸ್ಪತ್ರೆಗೆ ಹೋಯಿತು ಅಂದೆಯಲ್ಲ, ಅದನ್ನು ಓದಿದ ಕೂಡಲೇ ಒಂದು ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ನೆನಪಾಯಿತು.

ಅಬೂ ದಾವೂದ್ ಸಂಗ್ರಹದಲ್ಲಿದೆ. ಮದೀನಾದ ಅನ್ಸಾರಿಯೊಬ್ಬರು ಪ್ರವಾದಿಯವರ(ಸ) ಹತ್ತಿರ ಸಹಾಯ ಕೇಳಿಕೊಂಡು ಬರುತ್ತಾರೆ. ಮನೆಯಲ್ಲಿ ಏನಿದೆ ಅಂತ ಪ್ರವಾದಿಯವರು ಕೇಳುತ್ತಾರೆ. ಹಾಸಿ ಹೊದೆಯುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು. ಅಷ್ಟೇ. ಅದನ್ನೇ ತರಿಸಿ ಹರಾಜು ಹಾಕುತ್ತಾರೆ. ಒಬ್ಬರು ಒಂದು ದಿರ್ಹಮ್ ಅನ್ನುತ್ತಾರೆ, ಇನ್ನೊಬ್ಬರು ಎರಡು ಅನ್ನುತ್ತಾರೆ. ಆ ಎರಡು ದಿರ್ಹಮ್ ಅವರ ಕೈಗಿಟ್ಟು ಹೇಳಿದ್ದೇನು ಗೊತ್ತಾ? ಒಂದರಲ್ಲಿ ಮನೆಯವರಿಗೆ ಊಟಕ್ಕೆ ತೆಗೆದುಕೋ, ಇನ್ನೊಂದರಲ್ಲಿ ಕೊಡಲಿ ತಾ. ಕೊಡಲಿ ತಂದಾಗ ತಮ್ಮ ಕೈಯಾರೆ ಅದಕ್ಕೆ ಕಾವು ಹಾಕಿಕೊಟ್ಟರು. ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡ, ಹೋಗಿ ಸೌದೆ ಕಡಿದು ಮಾರು ಅಂದರು. ಆತ ಹತ್ತು ದಿರ್ಹಮ್ ದುಡಿದುಕೊಂಡು ಬಂದ.

ಇದರ ವರದಿಗಾರರ ಸರಪಳಿ ದುರ್ಬಲ ಎನ್ನುವ ವಿದ್ವಾಂಸರೂ ಇದ್ದಾರೆ. ಆದರೂ ಇದನ್ನು ಎಲ್ಲ ಕಡೆ ಹೇಳುತ್ತಾರೆ, "ಬೇಡಬೇಡ, ದುಡಿ" ಅನ್ನುವುದಕ್ಕೆ ಮಾತ್ರ. ನನಗೆ ಮುಖ್ಯವಾಗಿ ಕಾಣುವುದು ಮೊದಲ ದಿರ್ಹಮ್. ಮನೆಯವರ ಹೊಟ್ಟೆಗೆ ಮೊದಲು, ಆಮೇಲೆ ಕೊಡಲಿ. ಮೊದಲ ದಿರ್ಹಮ್ ಇಲ್ಲದಿದ್ದರೆ ಆತ ಕೊಡಲಿಯನ್ನೇ ಮಾರಿ ಊಟ ತರುತ್ತಿದ್ದ. ನಿನ್ನ ಬಟ್ಟೆಯ ದುಡ್ಡಿಗೆ ಆಗಿದ್ದೂ ಅದೇ ಅಲ್ವಾ?

ಒಂಟಿ ತಾಯಿಗೆ ಸಾಲ ಕೊಡುವ ಸಮಿತಿಗಳು ಎಡವುವುದು ಇಲ್ಲೇ. ಕೊಡಲಿಗೆ ದುಡ್ಡು ಕೊಡುತ್ತಾರೆ. ಮನೆಯ ದಿರ್ಹಮ್ ಯಾರು ಕೊಡಬೇಕು ಅಂತ ಕೇಳುವುದೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಇರುವ ಮನೆಯಲ್ಲಿ ಒಬ್ಬರ ದುಡಿಮೆ ನಿಂತರೆ ಇನ್ನೊಬ್ಬರದು ಇರುತ್ತದೆ. ನಿನ್ನ ಮನೆಯಲ್ಲಿ ಆ ಇನ್ನೊಬ್ಬರು ಇಲ್ಲ.

ನನ್ನ ಮಾತು ಇಷ್ಟೇ: ಮನೆಗೆ ಝಕಾತ್, ಯಂತ್ರಕ್ಕೂ ಆದರೆ ಝಕಾತ್, ವ್ಯಾಪಾರದಲ್ಲಿ ತಿರುಗುವ ದುಡ್ಡಿಗೆ ಮಾತ್ರ ಸಾಲ. ಮೂರನ್ನೂ ಒಂದೇ ಚೀಲಕ್ಕೆ ಹಾಕಬೇಡ.

ಮೂರನೇ ಕಂತು

ಸೂಜಿದಾರ ಅಕ್ಕ, ನಾನು ವಿಧವೆ. ಮೂರು ಮಕ್ಕಳು. ಕರ್ಜೆ ಹಸನ್ ತೆಗೆದುಕೊಂಡು ತೀರಿಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹೆದರಬೇಡಿ, ಆದರೆ ಕೇಳಬೇಕಾದ್ದನ್ನು ಮೊದಲೇ ಕೇಳಿ.

ನನ್ನ ಯಜಮಾನರು ಇದ್ದಾಗಲೇ ನನ್ನ ಹೆಸರಲ್ಲಿ ಸಾಲ ತೆಗೆದಿದ್ದೆವು. ಎರಡು ಕಂತು ಕಟ್ಟಿದ್ದೆ. ಅವರು ತೀರಿಕೊಂಡರು. ಇದ್ದತ್, ಅಂದರೆ ಗಂಡ ತೀರಿಕೊಂಡ ಮೇಲೆ ಹೆಂಡತಿ ಮನೆಯಲ್ಲೇ ಇರುವ ಅವಧಿ, ನಾಲ್ಕು ತಿಂಗಳು ಹತ್ತು ದಿನ. ಹೊರಗೆ ಹೋಗಿ ಮಾರುವ ಕೆಲಸ ನನ್ನದು, ನಿಂತೇ ಹೋಯಿತು. ಕಂತಿನ ದಿನ ಬಂದಾಗಲೆಲ್ಲ ಎದೆ ಡವಡವ. ನಾನೇ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಹಿರಿಯರೊಬ್ಬರು, "ಇದ್ದತ್ ಮುಗಿಯುವವರೆಗೆ ಕಂತಿನ ಮಾತೇ ಬೇಡ ಮಗಳೇ, ಅದು ಮುಗಿದ ಮೇಲೆ ಕೂತು ಮಾತಾಡೋಣ" ಅಂದರು. ಆ ಫೋನ್ ಇಟ್ಟ ಮೇಲೆ ನಾನು ಅತ್ತಿದ್ದು ನೆನಪಿದೆ. ಮೂರನೇ ಕಂತು ಆರು ತಿಂಗಳು ತಡವಾಗಿ ಕಟ್ಟಿದೆ. ಒಂದು ಪೈಸೆ ಜಾಸ್ತಿ ಕೇಳಲಿಲ್ಲ.

ನನಗೆ ಸಿಕ್ಕಿದ್ದು ಒಳ್ಳೆಯ ಮನುಷ್ಯರು. ಎಲ್ಲರಿಗೂ ಸಿಗುತ್ತಾರೆ ಅಂತ ಹೇಳಲಾರೆ. ಆದ್ದರಿಂದ ಕಾಗದದಲ್ಲಿ ಬರೆಸಿಕೊಳ್ಳಿ: ಮಗುವಿಗೆ ಹುಷಾರಿಲ್ಲದಿದ್ದರೆ, ನನಗೆ ಹುಷಾರಿಲ್ಲದಿದ್ದರೆ ಎಷ್ಟು ತಿಂಗಳು ಬಿಡುವು? ಮೊದಲ ಕಂತು ಮುಂದಿನ ತಿಂಗಳೇ ಅನ್ನುವುದು ಸರಿ ಅಲ್ಲ. ಯೂನಿಫಾರಂ ಹೊಲಿದು ಕೊಟ್ಟು, ಶಾಲೆಯವರು ಹಣ ಕೊಟ್ಟ ಮೇಲೆ ತಾನೇ ನಿಮ್ಮ ಕೈಗೆ ಬರುವುದು?

ಹಳೇ ಓದುಗ

ಇದಕ್ಕೆ ಆಧಾರ ಕುರ್‌ಆನಿನಲ್ಲೇ ಇದೆ. ಎರಡನೇ ಅಧ್ಯಾಯ, 280ನೇ ವಚನ. ಸಾಲಗಾರ ಕಷ್ಟದಲ್ಲಿದ್ದರೆ ಕೈ ಸಡಿಲವಾಗುವವರೆಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಅರ್ಥ. ಅದರ ಹತ್ತಿರವೇ 282ನೇ ವಚನ. ಸಾಲವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಅನ್ನುತ್ತದೆ. ಕುರ್‌ಆನಿನ ಅತಿ ಉದ್ದದ ವಚನ ಅದು. ಬರೆಸಿಕೊಳ್ಳುವುದು ಅಪನಂಬಿಕೆ ಅಂತ ಯಾರಾದರೂ ಹೇಳಿದರೆ ಅದನ್ನು ತೋರಿಸು.

ಸಂಗ್ರಹದ ಹುಡುಗ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ದಯವಿಟ್ಟು ತಪ್ಪು ತಿಳಿಯಬೇಡಿ.

ನಾವು ರಂಜಾನಿನಲ್ಲಿ ಮನೆ ಮನೆಗೆ ಹೋಗಿ ಝಕಾತ್ ಸಂಗ್ರಹಿಸುತ್ತೇವೆ. ಬಂದದ್ದನ್ನು ಹಂಚಿದರೆ ಒಂದೇ ತಿಂಗಳಲ್ಲಿ ಖಾಲಿ. ಮುಂದಿನ ವರ್ಷ ಅದೇ ಅಕ್ಕಂದಿರು ಅದೇ ಸಾಲಿನಲ್ಲಿ. ಅದೇ ಹಣವನ್ನು ಸಾಲವಾಗಿ ಕೊಟ್ಟರೆ ವಾಪಸ್ ಬರುತ್ತದೆ, ಇನ್ನೊಬ್ಬರಿಗೆ ಹೋಗುತ್ತದೆ. ಹತ್ತು ಮನೆಗೆ ಸಿಗುವುದು ನೂರು ಮನೆಗೆ ಸಿಗುತ್ತದೆ. ವಾಪಸ್ ಕೊಡಬೇಕು ಅಂತ ಇದ್ದಾಗ ಜವಾಬ್ದಾರಿಯೂ ಇರುತ್ತದೆ. ಪಾಕಿಸ್ತಾನದ ಅಖುವತ್ ಸಂಸ್ಥೆ ಮಾಡಿದ್ದು ಇದನ್ನೇ ಅಲ್ವಾ? 2001ರಲ್ಲಿ ಒಬ್ಬ ವಿಧವೆಗೆ 10,000 ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟು ಶುರು ಮಾಡಿದ್ದು. ಆಕೆ ಹೊಲಿಗೆ ಯಂತ್ರ ತೆಗೆದುಕೊಂಡು ದುಡಿದು ಸಾಲ ತೀರಿಸಿದರು. ಆ ಸಂಸ್ಥೆ ಕಟ್ಟಿದ ಡಾ. ಮುಹಮ್ಮದ್ ಅಮ್ಜದ್ ಸಾಕಿಬ್ ಅವರಿಗೆ 2021ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಸೀದಿಯಲ್ಲೇ ಎಲ್ಲರ ಎದುರು ಸಾಲ ಕೊಡುತ್ತಾರೆ. ವಸೂಲಿ ನೂರಕ್ಕೆ 99ಕ್ಕೂ ಜಾಸ್ತಿ ಅಂತ ಅವರೇ ಹೇಳುತ್ತಾರೆ.

ಹಾಗಿದ್ದಾಗ ಝಕಾತನ್ನೂ ಸಾಲದ ನಿಧಿ ಮಾಡಿದರೆ ತಪ್ಪೇನು?

ಲೆಕ್ಕದ ಪುಸ್ತಕ

ತಮ್ಮಾ, ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಾನೂ ಅದೇ ಬಾಗಿಲುಗಳನ್ನು ತಟ್ಟಿದವನು. ಆದರೆ ಇಲ್ಲಿ ಎರಡು ವಿಷಯ ಕಲಸಿಹೋಗಿದೆ.

ಅಖುವತ್‌ನ ಸಾಲದ ನಿಧಿ ನಿಂತಿರುವುದು ದಾನಿಗಳ ಹಣ ಮತ್ತು ಸರ್ಕಾರ ಕೊಟ್ಟ ನಿಧಿಯ ಮೇಲೆ. ಝಕಾತ್ ಬೇರೆಯೇ ಹಣ. ಅದು ಕೊಡುವವನದೂ ಅಲ್ಲ, ಸಮಿತಿಯದೂ ಅಲ್ಲ. ಕುರ್‌ಆನ್ 9:60ರಲ್ಲಿ ಎಂಟು ಬಗೆಯ ಹಕ್ಕುದಾರರನ್ನು ಹೆಸರಿಸಲಾಗಿದೆ. ಬಡವರು, ನಿರ್ಗತಿಕರು, ಝಕಾತ್ ಕೆಲಸ ಮಾಡುವವರು, ಮನಸ್ಸು ಗೆಲ್ಲಬೇಕಾದವರು, ಬಂಧನದಲ್ಲಿರುವವರು, ಸಾಲಗಾರರು, ಅಲ್ಲಾಹನ ಮಾರ್ಗದಲ್ಲಿರುವವರು, ದಾರಿಹೋಕರು. ಹನಫಿಗಳಲ್ಲಿ ತಮ್ಲೀಕ್ ಕಡ್ಡಾಯ, ಅಂದರೆ ಹಕ್ಕುದಾರಳ ಕೈಗೆ ಅವಳ ಸ್ವಂತದ್ದಾಗಿ ಸೇರಬೇಕು. ಅವಳದೇ ಆದ ಹಣವನ್ನು ಅವಳಿಗೇ ಸಾಲ ಅಂತ ಕೊಟ್ಟು ವಾಪಸ್ ಕೇಳುವುದು ಹೇಗೆ? ಸಾಲಗಾರರ ಪಾಲಿನಿಂದ ಕರ್ಜೆ ಹಸನ್ ಕೊಡಬಹುದು ಎಂದು ಕೆಲವು ಆಧುನಿಕ ವಿದ್ವಾಂಸರು ಹೇಳಿದ್ದಾರೆ, ನಿಜ. ಆದರೆ ಬಹುಪಾಲು ಜನ ಒಪ್ಪುವುದಿಲ್ಲ. ದಾನಿಗೆ ತಿಳಿಸದೆ ಅವನ ಝಕಾತನ್ನು ಸಾಲ ಮಾಡುವುದಂತೂ ಬೇಡವೇ ಬೇಡ.

ನೀವು ಹೇಳಿದ "ಅದೇ ಸಾಲಿನಲ್ಲಿ ಅದೇ ಅಕ್ಕಂದಿರು" ಅನ್ನುವುದಕ್ಕೆ ಕಾರಣ ಝಕಾತ್ ಅಲ್ಲ, ನಾವು ಕೊಡುವ ರೀತಿ. ನೂರು ಜನಕ್ಕೆ ಚೂರು ಚೂರು ಹಂಚುತ್ತೇವೆ. ಯಾರ ಮನೆಯಲ್ಲೂ ಏನೂ ಬದಲಾಗುವುದಿಲ್ಲ. ಕೊಡುವಾಗ ಕೊರತೆ ನೀಗುವಷ್ಟು ಕೊಡಿ ಎಂಬ ಅರ್ಥದ ಮಾತು ಖಲೀಫ ಉಮರ್(ರ) ಅವರದು ಅಂತ ಹಳೆಯ ಗ್ರಂಥಗಳಲ್ಲಿದೆ. ಶಾಫಿ ವಿದ್ವಾಂಸ ಇಮಾಮ್ ನವವಿ ಇದನ್ನು ತುಂಬಾ ಬಿಡಿಸಿ ಬರೆದಿದ್ದಾರೆ. ಕಸುಬುದಾರನಿಗೆ ಅವನ ಕಸುಬಿನ ಉಪಕರಣ ಕೊಳ್ಳುವಷ್ಟು ಕೊಡಬೇಕು, ಅದರ ಬೆಲೆ ಕಡಿಮೆಯಿರಲಿ, ಜಾಸ್ತಿಯಿರಲಿ. ವ್ಯಾಪಾರಿಗೆ ಅವನ ವ್ಯಾಪಾರಕ್ಕೆ ತಕ್ಕ ಬಂಡವಾಳ. ತರಕಾರಿ ಮಾರುವವನಿಗೆ ಕೆಲವೇ ದಿರ್ಹಮ್ ಸಾಕು, ಒಡವೆ ವ್ಯಾಪಾರಿಗೆ ಸಾವಿರಗಟ್ಟಲೆ ಬೇಕು ಅಂತ ಕಸುಬು ಕಸುಬಿಗೂ ಲೆಕ್ಕ ಕೊಡುತ್ತಾರೆ. ಹದಿಮೂರನೇ ಶತಮಾನದ ಮನುಷ್ಯ. ನಮ್ಮ ಸಮಿತಿಗಳ ಅರ್ಜಿ ಫಾರಂನಲ್ಲಿ ಇವತ್ತಿಗೂ "ಕಸುಬು ಏನು, ಅದಕ್ಕೆ ಏನು ಬೇಕು" ಅನ್ನುವ ಸಾಲೇ ಇರುವುದಿಲ್ಲ.

ಹನಫಿಗಳಲ್ಲಿ ಒಬ್ಬರಿಗೆ ನಿಸಾಬ್‌ನಷ್ಟು ಒಟ್ಟಿಗೆ ಕೊಡುವುದು ಅಷ್ಟು ಇಷ್ಟವಿಲ್ಲದ ಕೆಲಸ. ಆದರೆ ಸಾಲ ಇದ್ದವರಿಗೆ, ಸಾಕಬೇಕಾದ ಮಕ್ಕಳಿದ್ದವರಿಗೆ ಅದು ಸಡಿಲ. ಒಂಟಿ ತಾಯಿಗೆ ಬೇಕಾದ ಬಾಗಿಲು ಅಲ್ಲೇ ತೆರೆದಿದೆ.

ಇನ್ನೊಂದು ದಾಖಲೆ ಹೇಳುತ್ತೇನೆ. 1986ರಲ್ಲಿ ಅಮ್ಮಾನ್‌ನಲ್ಲಿ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿಯ ಮೂರನೇ ಅಧಿವೇಶನ ನಡೆಯಿತು. ಕೊನೆಗೆ ಹಕ್ಕುದಾರರ ಸ್ವಂತವಾಗುವಂಥ ಯೋಜನೆಗಳಲ್ಲಿ ಝಕಾತ್ ಹಣ ತೊಡಗಿಸಬಹುದು ಅಂತ ತಾತ್ವಿಕವಾಗಿ ಒಪ್ಪಿದರು. ಆದರೆ ಒಂದು ಶರತ್ತು ಹಾಕಿದರು: ಹಕ್ಕುದಾರರ ತುರ್ತು ಅಗತ್ಯಗಳು ಮೊದಲು ಪೂರೈಸಿರಬೇಕು. ಹಳೇ ಓದುಗರು ಹೇಳಿದ ಮೊದಲ ದಿರ್ಹಮ್ ಇದೇ ತಾನೆ?

ಸಂಗ್ರಹದ ಹುಡುಗ

ಸರ್, ಕಸುಬಿನ ಸಾಲು ನಮ್ಮ ಫಾರಂನಲ್ಲೂ ಇಲ್ಲ. ಈ ವರ್ಷ ಸೇರಿಸುತ್ತೇನೆ. ಆದರೆ ಎಲ್ಲರಿಗೂ ಸಾಕಾಗುವಷ್ಟು ಕೊಡಲು ಹಣ ಎಲ್ಲಿದೆ? ಹತ್ತು ಜನರನ್ನು ಆರಿಸಿದರೆ ತೊಂಬತ್ತು ಜನರ ಮುಖ ನೋಡಬೇಕಲ್ಲ. ಈ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಕ್ಕಿಲ್ಲ.

ಲೆಕ್ಕದ ಪುಸ್ತಕ

ನನಗೂ ಪೂರ್ತಿ ಸಿಕ್ಕಿಲ್ಲ ತಮ್ಮಾ. ನಾವು ಮಾಡಿದ್ದು ಹೇಳುತ್ತೇನೆ. ಹಂಚುವ ಝಕಾತನ್ನು ಎರಡು ಪಾಲು ಮಾಡಿದೆವು. ಒಂದು ಪಾಲು ಹಸಿವು, ಔಷಧಿ, ಬಾಡಿಗೆಗೆ. ಅದು ಎಲ್ಲರಿಗೂ. ಇನ್ನೊಂದು ಪಾಲಿನಲ್ಲಿ ವರ್ಷಕ್ಕೆ ಕೆಲವೇ ಮನೆಗಳು, ಆದರೆ ಪೂರ್ತಿಯಾಗಿ. ಸಾಲಕ್ಕೆ ಬೇರೆಯೇ ನಿಧಿಯನ್ನು ಸದಕಾ, ಅಂದರೆ ಸ್ವಇಚ್ಛೆಯ ದಾನದ ಹಣದಿಂದ ಕಟ್ಟಿದೆವು. ಸದಕಾಗೆ ಎಂಟು ಬಗೆಯ ಗೆರೆ ಇಲ್ಲ, ಅದನ್ನು ಸಾಲವಾಗಿ ತಿರುಗಿಸಬಹುದು. ವಕ್ಫ್ ಮಾಡಿದ ಹಣವೂ ಹಾಗೆಯೇ, ಅಸಲು ಉಳಿಯುತ್ತದೆ, ಬಳಕೆ ತಿರುಗುತ್ತದೆ. ಉಸ್ಮಾನಿ (ಒಟ್ಟೋಮನ್) ಸಾಮ್ರಾಜ್ಯದಲ್ಲಿ ನಗದು ವಕ್ಫ್ ಎಷ್ಟೋ ಊರುಗಳಲ್ಲಿತ್ತು. ಅದು ಸರಿಯೇ ಅಂತ ಹದಿನಾರನೇ ಶತಮಾನದಲ್ಲಿ ಎಬುಸ್ಸುಊದ್, ಬಿರ್ಗಿವಿಯಂಥ ವಿದ್ವಾಂಸರ ನಡುವೆ ದೊಡ್ಡ ವಾದವೇ ನಡೆದಿದೆ. ಆದ್ದರಿಂದ ಶುರು ಮಾಡುವ ಮೊದಲು ಕೇಳಿಕೊಂಡೇ ಮಾಡಿ.

ದಾರಿಹೋಕ

ನಾನು ಮುಸ್ಲಿಂ ಅಲ್ಲ. ಗಂಡ ಬಿಟ್ಟುಹೋದ ಗೆಳತಿ ಒಬ್ಬಳಿದ್ದಾಳೆ, ಅವಳೂ ಮುಸ್ಲಿಂ ಅಲ್ಲ. ಇಂಥ ಸಹಾಯ ಅವಳಿಗೆ ಸಿಗುತ್ತದಾ? ಕೇಳಿದರೆ ತಪ್ಪಾಗುತ್ತದಾ ಅಂತ ಸಂಕೋಚ.

ಹಳೇ ಓದುಗ

ತಪ್ಪೇನಿಲ್ಲಮ್ಮ, ಧೈರ್ಯವಾಗಿ ಕೇಳಿ. ಝಕಾತ್ ಮಾತ್ರ ಬಹುಪಾಲು ವಿದ್ವಾಂಸರ ಪ್ರಕಾರ ಮುಸ್ಲಿಂ ಬಡವರಿಗೆ ಮೀಸಲು. ಸದಕಾ, ಕರ್ಜೆ ಹಸನ್, ವಕ್ಫ್ ಯಾರಿಗೆ ಬೇಕಾದರೂ ಕೊಡಬಹುದು. ಮೇಲೆ ಹೇಳಿದ ಅಖುವತ್ ಚರ್ಚುಗಳಲ್ಲೂ ಕೂತು ಸಾಲ ಹಂಚಿದೆ. ಗೆಳತಿಯನ್ನು ಸಾಲದ ನಿಧಿ ಇರುವ ಸಂಸ್ಥೆಗೆ ಕಳಿಸಿ, ಝಕಾತ್ ಸಮಿತಿಗೆ ಅಲ್ಲ. ಆಗ ಇಬ್ಬರಿಗೂ ಮುಜುಗರ ಇರುವುದಿಲ್ಲ.

ತಮ್ಮ

ನನ್ನ ಅಕ್ಕನ ಕಥೆಯೂ ಇದೇ. ತಲಾಕ್ ಆಗಿ ಮನೆಗೆ ಬಂದಿದ್ದಾಳೆ. ಸಣ್ಣ ವ್ಯಾಪಾರ ಶುರು ಮಾಡಬೇಕು ಅಂತ ಆಸೆ. ನಾನು ಪ್ರತಿ ವರ್ಷ ಝಕಾತ್ ಕೊಡುತ್ತೇನೆ, ಹೊರಗಿನವರಿಗೆ. ಸ್ವಂತ ಅಕ್ಕನಿಗೆ ಝಕಾತ್ ಕೊಡಬಹುದಾ? ಅವಳಿಗೆ ಅವಮಾನ ಆಗಬಾರದು.

ಲೆಕ್ಕದ ಪುಸ್ತಕ

ಕೊಡಬಹುದು! ತಂದೆ ತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಹೆಂಡತಿಗೆ ಕೊಡುವಂತಿಲ್ಲ. ಅಕ್ಕ ತಂಗಿಯರಿಗೆ, ಅವರು ಹಕ್ಕುದಾರರಾಗಿದ್ದು ನಿಮ್ಮ ಮೇಲೆ ಅವರ ಖರ್ಚಿನ ಕಾನೂನು ಹೊಣೆ ಇಲ್ಲದಿದ್ದರೆ, ಕೊಡಬಹುದು. ಕೊಡುವುದೇ ಮೇಲು. ಸಂಬಂಧಿಕರಿಗೆ ಕೊಟ್ಟರೆ ದಾನದ ಪುಣ್ಯವೂ ಉಂಟು, ಸಂಬಂಧ ಉಳಿಸಿದ ಪುಣ್ಯವೂ ಉಂಟು ಅಂತ ಹದೀಸ್ ಇದೆ. "ಇದು ಝಕಾತ್" ಅಂತ ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ನಿಮ್ಮ ಮನಸ್ಸಿನಲ್ಲಿ ನಿಯ್ಯತ್ (ಸಂಕಲ್ಪ) ಇದ್ದರೆ ಸಾಕು. ಹಬ್ಬದ ಉಡುಗೊರೆ ಥರ ಕೈಗಿಡಿ.

ತಮ್ಮ

ಇಷ್ಟು ವರ್ಷ ಇದು ಗೊತ್ತೇ ಇರಲಿಲ್ಲ. ಅಕ್ಕ ಪಕ್ಕದ ಕೋಣೆಯಲ್ಲೇ ಇದ್ದಾಳೆ.

ರಸೀದಿ

ಇನ್ನೊಂದು ದಾರಿಯ ಬಗ್ಗೆ ಎಚ್ಚರಿಕೆ ಹೇಳಬೇಕು. ಕೆಲವರು "ಸಾಲ ಬೇಡ, ಮುರಾಬಹದಲ್ಲಿ ಯಂತ್ರ ಕೊಡುತ್ತೇವೆ" ಅನ್ನುತ್ತಾರೆ. ಅಂದರೆ ಅವರು ಯಂತ್ರ ಕೊಂಡು, ತಮ್ಮ ಲಾಭ ಸೇರಿಸಿ, ನಮಗೆ ಕಂತಿನಲ್ಲಿ ಮಾರುವುದು. ಕೊಂಡ ಬೆಲೆ ಎಷ್ಟು, ಲಾಭ ಎಷ್ಟು ಎರಡನ್ನೂ ಮೊದಲೇ ಹೇಳಬೇಕು. ಆಮೇಲೆ ತಡವಾದರೂ ಬೆಲೆ ಏರಿಸುವಂತಿಲ್ಲ. ಸರಿಯಾಗಿ ಮಾಡಿದರೆ ಒಳ್ಳೆಯ ದಾರಿಯೇ.

ನಾನೂ ಒಬ್ಬಳೇ ಮಗನನ್ನು ಸಾಕಿದವಳು. ನನಗೆ ಒಂದು ಕಡೆ ಆಗಿದ್ದು ಹೀಗೆ. ಯಂತ್ರವನ್ನು ಅವರು ಕೊಳ್ಳಲೇ ಇಲ್ಲ. ನನ್ನ ಕೈಗೆ ನಗದು ಕೊಟ್ಟು, "ನೀವೇ ತೆಗೆದುಕೊಳ್ಳಿ, ರಸೀದಿ ತಂದುಕೊಡಿ" ಅಂದರು. ಸಹಿ ಮಾತ್ರ ಮುರಾಬಹ ಪತ್ರಕ್ಕೆ. ಅವರ ಕೈಗೆ ಬರದ ಯಂತ್ರವನ್ನು ಅವರು ನನಗೆ ಮಾರಿದ್ದು ಹೇಗೆ? ಯಂತ್ರ ಎರಡನೇ ವಾರವೇ ಕೆಟ್ಟಿತು. "ನೀವು ತಂದಿದ್ದು, ನೀವೇ ನೋಡಿಕೊಳ್ಳಿ" ಅಂದರು. ಅವರೇ ಮೊದಲು ಮಾಲೀಕರಾಗಿ ನನಗೆ ಮಾರಿದ್ದರೆ ದೋಷದ ಹೊಣೆ ಮಾರಿದವರ ಮೇಲೆ ಬರುತ್ತಿತ್ತು. ಬಡ್ಡಿ ಅನ್ನುವ ಹೆಸರು ಇರಲಿಲ್ಲ. ಆದರೆ ನನ್ನ ಪಾಲಿಗೆ ಅದು ಬಡ್ಡಿ ಸಾಲದ ಹಾಗೇ ಆಯಿತು. ಇವತ್ತಿಗೂ ನೋವಿದೆ. ಹಾಗಾಗಿ ಅಕ್ಕ, ಬಿಲ್ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ.

ಹಾಗೆಯೇ "ಸೇವಾ ಶುಲ್ಕ" ಅಂತ ಕೇಳಿದರೆ ಯಾವುದಕ್ಕೆ ಅಂತ ಕೇಳಿ. ಅದೇ 1986ರ ಅಮ್ಮಾನ್ ಅಧಿವೇಶನದಲ್ಲಿ ಸಾಲಕ್ಕೆ ಶುಲ್ಕ ತೆಗೆದುಕೊಳ್ಳಬಹುದು, ಆದರೆ ನಿಜವಾಗಿ ತಗಲುವ ಖರ್ಚಿನಷ್ಟೇ ಅಂತ ತೀರ್ಮಾನವಾಗಿದೆ. ಸಾಲ ದೊಡ್ಡದಾದಷ್ಟೂ ಶುಲ್ಕ ಶೇಕಡಾ ಲೆಕ್ಕದಲ್ಲಿ ಬೆಳೆಯುತ್ತಿದ್ದರೆ ಸಂಶಯ ಪಡಿ.

ಹಳೇ ಓದುಗ

ರಸೀದಿ ಅಮ್ಮ, ಇದನ್ನು ಇಲ್ಲಿ ಬರೆದದ್ದು ತುಂಬಾ ಒಳ್ಳೆಯದಾಯಿತು. ಹೆಸರು ಇಸ್ಲಾಮಿಕ್ ಅಂತ ಇದ್ದ ಮಾತ್ರಕ್ಕೆ ಕೆಲಸವೂ ಹಾಗೇ ಇರುತ್ತದೆ ಅಂತ ಬಡವರೇ ನಂಬಿ ಮೋಸ ಹೋಗುತ್ತಾರೆ.

ಬಟ್ಟೆ ವ್ಯಾಪಾರಿ

ಸೂಜಿದಾರ ಅಕ್ಕನ ಬಟ್ಟೆಯ ದುಡ್ಡಿಗೆ ಸಾಲವೇ ಬೇಕಾ? ಮುದಾರಬ ಮಾಡಬಹುದಲ್ಲ. ಆರ್ಡರ್ ಕೈಯಲ್ಲಿದೆ. ಬಂಡವಾಳ ಒಬ್ಬರು ಹಾಕಲಿ, ಕೆಲಸ ನಿಮ್ಮದು. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲಿನಲ್ಲಿ ಹಂಚಿಕೆ. ಅರ್ಧ ಅರ್ಧವೋ, ಮೂರರಲ್ಲಿ ಎರಡು ನಿಮಗೋ. ನಷ್ಟ ಆದರೆ ನಿಮ್ಮ ತಪ್ಪಿಲ್ಲದ ತನಕ ದುಡ್ಡಿನ ನಷ್ಟ ಬಂಡವಾಳದವರದು, ನಿಮ್ಮದು ಶ್ರಮದ ನಷ್ಟ. ಕಂತಿನ ಹೆದರಿಕೆಯೇ ಇಲ್ಲ. "ತಿಂಗಳಿಗೆ ಇಷ್ಟು ರೂಪಾಯಿ ಕೊಟ್ಟುಬಿಡು" ಅಂತ ಮಾತ್ರ ಒಪ್ಪಬೇಡಿ. ಹಾಗೆ ಗೊತ್ತುಮಾಡಿದರೆ ಅದು ಮುದಾರಬ ಆಗುವುದಿಲ್ಲ.

ಪ್ರವಾದಿಯವರ(ಸ) ಪತ್ನಿ ಖದೀಜ(ರ) ಅವರು ಮದುವೆಗೆ ಮುಂಚೆ ವ್ಯಾಪಾರ ಮಾಡಿದ್ದೇ ಹೀಗೆ. ಅವರೂ ವಿಧವೆ. ತಮ್ಮ ಬಂಡವಾಳವನ್ನು ಬೇರೆಯವರ ಕೈಯಲ್ಲಿ ಕೊಟ್ಟು ಲಾಭದ ಪಾಲಿಗೆ ವ್ಯಾಪಾರ ಮಾಡಿಸುತ್ತಿದ್ದರು. ಪ್ರವಾದಿಯವರು(ಸ) ಮದುವೆಗೆ ಮುಂಚೆ ಅವರ ಸರಕು ತೆಗೆದುಕೊಂಡು ಶಾಮ್ (ಸಿರಿಯಾ) ನಾಡಿಗೆ ಹೋಗಿದ್ದರು.

ಮೂರನೇ ಕಂತು

ಒಳ್ಳೆಯ ಮಾತು. ಆದರೆ ಅಣ್ಣ, ಮುದಾರಬಕ್ಕೆ ಲೆಕ್ಕ ಇಡಬೇಕು. ಎಷ್ಟು ಮೀಟರ್ ಬಂತು, ಎಷ್ಟು ಹಾಳಾಯಿತು, ದಾರಕ್ಕೆ ಎಷ್ಟು, ಎಲ್ಲ ಬರೆಯಬೇಕು. ಮಕ್ಕಳನ್ನು ಮಲಗಿಸಿ ರಾತ್ರಿ ಹೊಲಿಯುವವಳಿಗೆ ಅದಕ್ಕೆ ಸಮಯ ಎಲ್ಲಿ? ಲೆಕ್ಕ ಇಲ್ಲದಿದ್ದರೆ ಕೊನೆಗೆ ಜಗಳ. ನನಗೆ ಲೆಕ್ಕ ಬರೆಯುವುದನ್ನು ಕಲಿಸಿದ್ದು ನನ್ನ ದೊಡ್ಡ ಮಗಳು. ಯಾರಾದರೂ ಕಲಿಸಿಕೊಡಬೇಕು, ಸುಮ್ನೆ ದುಡ್ಡು ಕೊಟ್ಟರೆ ಸಾಲದು.

ಲೆಕ್ಕದ ಪುಸ್ತಕ

ಮಲೇಷ್ಯಾದಲ್ಲಿ ಇದನ್ನು ಒಟ್ಟಿಗೆ ಕಟ್ಟಿದ್ದಾರೆ. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ನೆಗಾರ 2020ರಲ್ಲಿ ಐಟೆಕಾಡ್ ಎಂಬ ಕಾರ್ಯಕ್ರಮ ಶುರು ಮಾಡಿತು. ಶುರುವಿನ ಬಂಡವಾಳ ಝಕಾತ್, ದಾನ, ನಗದು ವಕ್ಫ್‌ನಂಥ ನಿಧಿಯಿಂದ. ಅದನ್ನು ವಾಪಸ್ ಕೊಡಬೇಕಾಗಿಲ್ಲ. ಅದರ ಮೇಲೆ ಇಸ್ಲಾಮಿಕ್ ಬ್ಯಾಂಕಿನ ಸಣ್ಣ ಹಣಕಾಸು. ಜೊತೆಗೆ ವ್ಯಾಪಾರ, ಲೆಕ್ಕ ಕಲಿಸುವ ತರಬೇತಿ. ಅದೇ ದೇಶದ ಅಮಾನ ಇಖ್ತಿಯಾರ್ ಇನ್ನೂ ಹಳೆಯದು, 1987ರದ್ದು. ಬಾಂಗ್ಲಾದೇಶದ ಗ್ರಾಮೀಣ್ ಬ್ಯಾಂಕಿನ ಮಾದರಿಯಲ್ಲಿ ಗುಂಪು ಮಾಡಿ ಸಾಲ ಕೊಡುತ್ತಾರೆ. ಸದಸ್ಯರಲ್ಲಿ ಬಹುಪಾಲು ಹೆಂಗಸರು.

ನನಗೆ ಇಲ್ಲಿ ಇಷ್ಟವಾಗುವುದು ದೊಡ್ಡ ಬ್ಯಾಂಕು ಅನ್ನುವುದಲ್ಲ. ಬಿಟ್ಟುಕೊಡುವ ಹಣ ಯಾವುದು, ವಾಪಸ್ ಬರುವ ಹಣ ಯಾವುದು ಅಂತ ಮೊದಲ ದಿನವೇ ಬೇರೆ ಮಾಡಿದ್ದಾರೆ. ಐದು ಜನರ ಸಣ್ಣ ಸಮಿತಿಯೂ ಎರಡು ನೋಟ್‌ಬುಕ್ ಇಟ್ಟುಕೊಂಡು ಇದನ್ನು ಮಾಡಬಹುದು.

ಸೂಜಿದಾರ

ಎಲ್ಲರೂ ಇಷ್ಟು ಬರೆದಿದ್ದೀರಿ, ಓದಿ ಓದಿ ಕಣ್ಣು ತುಂಬಿತು. ಇನ್ನೂ ಎರಡು ಸಂಶಯ. ಸಮಿತಿಯವರು ಜಾಮೀನಿಗೆ ಒಬ್ಬ ಗಂಡಸು ಬೇಕು ಅನ್ನುತ್ತಿದ್ದಾರೆ. ನನಗೆ ತಂದೆ ಇಲ್ಲ, ಅಣ್ಣ ತಮ್ಮಂದಿರಿಲ್ಲ. ಇನ್ನೊಂದು, ಕೇಳಲು ಭಯ, ಆದರೂ ಕೇಳುತ್ತೇನೆ. ಸಾಲ ತೀರುವ ಮೊದಲೇ ನಾನು ಇಲ್ಲವಾದರೆ? ಅದು ಮಕ್ಕಳ ಮೇಲೆ ಬರುತ್ತದಾ?

ಹಳೇ ಓದುಗ

ಎರಡನೆಯದು ಮೊದಲು. ಮಕ್ಕಳ ಮೇಲೆ ಬರುವುದಿಲ್ಲ ತಂಗಿ. ಸಾಲ ತೀರಬೇಕಾದ್ದು ಸತ್ತವರು ಬಿಟ್ಟುಹೋದ ಆಸ್ತಿಯಿಂದ. ಆಸ್ತಿಯಿಲ್ಲದಿದ್ದರೆ ಮಕ್ಕಳು ತಮ್ಮ ಕೈಯಿಂದ ತುಂಬಬೇಕೆಂಬ ಕಟ್ಟುಪಾಡಿಲ್ಲ. ಸಾಲ ಬಿಟ್ಟು ಸತ್ತವರ ಹೊಣೆ ನನ್ನದು ಎಂದು ಪ್ರವಾದಿಯವರು(ಸ) ಹೇಳಿದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಸಮುದಾಯ ಆ ಭಾರ ಹೊರಬೇಕು ಅಂತಲೇ ವಿದ್ವಾಂಸರು ಅದನ್ನು ಅರ್ಥ ಮಾಡಿದ್ದಾರೆ. "ಸಾಲಗಾರ್ತಿ ತೀರಿಕೊಂಡರೆ ಉಳಿದದ್ದನ್ನು ಸದಕಾ ನಿಧಿಯಿಂದ ತೀರಿಸುತ್ತೇವೆ" ಅಂತ ಒಂದು ಸಾಲು ಬರೆದುಕೊಡಲು ಕೇಳು. ಒಳ್ಳೆಯ ಸಮಿತಿ ಹಿಂಜರಿಯುವುದಿಲ್ಲ.

ಲೆಕ್ಕದ ಪುಸ್ತಕ

ಜಾಮೀನಿಗೆ ಗಂಡಸೇ ಆಗಬೇಕು ಅನ್ನುವುದು ಆ ಸಮಿತಿಯ ರೂಢಿ, ಧರ್ಮದ ನಿಯಮ ಅಲ್ಲ. ಸ್ವಂತ ಆಸ್ತಿಯ ಮೇಲೆ ಹಕ್ಕಿರುವ ಹೆಂಗಸು ಜಾಮೀನು ನಿಲ್ಲಬಹುದು. ನಿಮ್ಮ ಹಾಗೆ ದುಡಿಯುವ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ನಿಂತರೂ ಆಗುತ್ತದೆ. ಗಂಡ ಇಲ್ಲ ಅಂತಲೇ ಸಹಾಯ ಬೇಕಾದವಳಿಗೆ, ಗಂಡಸಿಲ್ಲ ಅಂತ ಸಹಾಯ ಕೊಡದಿರುವುದು ನ್ಯಾಯವಲ್ಲ. ಇದನ್ನು ಅವರಿಗೆ ನೇರವಾಗಿ ಹೇಳಿ. ನೀವು ಹೇಳಲಾಗದಿದ್ದರೆ ನಾನು ಬರೆದುಕೊಡುತ್ತೇನೆ.

ಸಂಗ್ರಹದ ಹುಡುಗ

ಅಕ್ಕ, ನಮ್ಮ ಸಮಿತಿಯಲ್ಲೂ ಇದೇ ರೂಢಿ ಇದೆ. ಇಷ್ಟು ದಿನ ಯೋಚನೆ ಮಾಡಿರಲಿಲ್ಲ. ನಾಳೆ ಸಭೆಯಲ್ಲಿ ಎತ್ತುತ್ತೇನೆ.

ಸೂಜಿದಾರ

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ.

ಸರ ತೂಕ ಮಾಡಿಸಿದೆ. ಹಾಳೆ ಬರೆದುಕೊಂಡು ಆಲಿಮರ ಹತ್ತಿರ ಹೋದೆ. ಅಂಗಡಿಯಲ್ಲಿ ಉಳಿದಿದ್ದ ಬಾಕಿ, ಮನೆ ಬಾಡಿಗೆಯ ಬಾಕಿ ಎಲ್ಲ ಕಳೆದ ಮೇಲೆ ನಾನು ಹಕ್ಕುದಾರಳೇ ಅಂದರು.

ಆಮೇಲೆ ಸಮಿತಿಗೆ ಹೋದೆ. ಕೈ ನಡುಗುತ್ತಿತ್ತು. ಹಳೇ ಓದುಗರು ಹೇಳಿದ ಹಾಗೆ ಮೂರು ಬೇರೆ ಬೇರೆ ಕೇಳಿದೆ. ನಾಲ್ಕು ತಿಂಗಳ ಮನೆ ಖರ್ಚು, ಓವರ್‌ಲಾಕ್ ಯಂತ್ರ ಝಕಾತ್‌ನಿಂದ. ಬಟ್ಟೆಗೆ ಮಾತ್ರ ಸಾಲ, ಮೊದಲ ಕಂತು ಶಾಲೆಯವರು ಹಣ ಕೊಟ್ಟ ಮೇಲೆ. ಕೊಡಲಿಯ ಹದೀಸನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಯಂತ್ರಕ್ಕೆ ಒಪ್ಪಿದರು. ನನ್ನ ಸ್ವಂತದ್ದಾಗಿ ಕೊಡುತ್ತಾರೆ. ಕಂತನ್ನೂ ಮುಂದೆ ಹಾಕಿದರು. ಮನೆ ಖರ್ಚಿಗೆ ನಾಲ್ಕು ತಿಂಗಳು ಆಗುವುದಿಲ್ಲ, ಎರಡು ತಿಂಗಳು ನೋಡೋಣ ಅಂದಿದ್ದಾರೆ. ಜಾಮೀನಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಪಕ್ಕದ ಬೀದಿಯಲ್ಲಿ ಕಸೂತಿ ಮಾಡುವ ಒಬ್ಬರು ನನಗಾಗಿ ನಿಲ್ಲಲು ಒಪ್ಪಿದ್ದಾರೆ, ನಾನು ಅವರಿಗಾಗಿ ನಿಲ್ಲುತ್ತೇನೆ. ಶುಕ್ರವಾರ ಇಬ್ಬರೂ ಒಟ್ಟಿಗೆ ಹೋಗುತ್ತೇವೆ.

ಲೆಕ್ಕದ ಪುಸ್ತಕ ಅಣ್ಣ, ನೀವು ಬರೆದುಕೊಡುತ್ತೇನೆ ಅಂದ ಕಾಗದ ಗುರುವಾರದೊಳಗೆ ಸಿಗಬಹುದಾ?

ಲೆಕ್ಕದ ಪುಸ್ತಕ

ಇವತ್ತು ರಾತ್ರಿಯೇ ಬರೆಯುತ್ತೇನೆ ಅಕ್ಕ. ಉಳಿದ ಎರಡು ತಿಂಗಳ ಮನೆ ಖರ್ಚನ್ನೂ ಅದರಲ್ಲಿ ಸೇರಿಸುತ್ತೇನೆ. ಅದನ್ನು ಬಿಟ್ಟುಕೊಡಬೇಡಿ.